ಕೊಳೆರೋಗಕ್ಕೆ ಮದ್ದು ಕಂಡ ಕೋಲ್ಮನ್



ರೋಹಿಣಿ ಮಳೆಯ ನಾಲ್ಕು ಹನಿ ಬಿದ್ದು, ಮೃಗಶಿರಾ ಇನ್ನೇನು ಕಾಲಿಡುತ್ತದೆ ಎನ್ನುವಾಗ ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಒಂದೇ ಚಿಂತೆ. ಮೈಲುತುತ್ತ ತಂದಾಯಿತೇ, ಸುಣ್ಣ ಒಳ್ಳೆಯದು ಸಿಕ್ಕಿತೇ, ಕೊನೆಗಾರ ಯಾವ ದಿನ ಬರುತ್ತಾನೆ? ಅಡ್ಡಗದ್ದೆಯಿರಲಿ, ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಯಾವ ಹಳ್ಳಿಯೇ ಇರಲಿ, ತೋಟವಿದ್ದ ಮನೆಯಲ್ಲೆಲ್ಲ ಇದೇ ಮಾತು. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಔಷಧಿ ಹೊಡೆಯುವುದು ನಮಗೆ ಈಗ ನೀರು ಕುಡಿದಷ್ಟು ಸಹಜವಾಗಿದೆ. ಅಜ್ಜನ ಕಾಲದಿಂದ ನಡೆದು ಬಂದದ್ದು ಎಂದು ಹೇಳುವವರೂ ಇದ್ದಾರೆ.

ಆದರೆ ಅಜ್ಜನ ಅಜ್ಜನಿಗೆ ಈ ಔಷಧಿ ಗೊತ್ತಿರಲಿಲ್ಲ. ಅದನ್ನು ನಮ್ಮ ಅಡಿಕೆ ಮರದ ತುದಿಗೆ ಏರಿಸಿದವರು ಏಳು ಸಮುದ್ರದಾಚೆಯ ಕೆನಡ ದೇಶದ ಒಬ್ಬರು. ಅವರ ಹೆಸರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲನೆಯ ನಿರ್ದೇಶಕರು ಅವರೇ. ಅವರ ಬದುಕನ್ನೂ ಅವರು ತಂದ ಔಷಧಿಯ ಕಥೆಯನ್ನೂ ಒಟ್ಟಿಗೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ದೊಡ್ಡ ದೊಡ್ಡ ಯೋಜನೆಗಳಿಗಿಂತ ಸಣ್ಣ ಸಣ್ಣ ತೀರ್ಮಾನಗಳು, ಯಾರೂ ಎಣಿಸದ ಆಕಸ್ಮಿಕಗಳು ಮನುಷ್ಯನ ದಾರಿಯನ್ನು ತಿರುಗಿಸುತ್ತವೆ. ಒಬ್ಬರ ದಾರಿ ತಿರುಗಿದರೆ ಸಾವಿರಾರು ಮನೆಗಳ ಅನ್ನದ ದಾರಿಯೂ ತಿರುಗುತ್ತದೆ.

ಮಣ್ಣಿನ ಜೀವಾಣುಗಳಿಂದ ಮೈಸೂರಿಗೆ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡದ ಆಂಟೇರಿಯೋ ಪ್ರಾಂತದಲ್ಲಿ. ವರ್ಷದಲ್ಲಿ ಹಲವು ತಿಂಗಳು ಹಿಮ ಮುಚ್ಚುವ ನಾಡು ಅದು. ಅಡಿಕೆ, ಕಾಫಿ, ಏಲಕ್ಕಿ, ಮೆಣಸು ಇವು ಅಲ್ಲಿ ಅಂಗಡಿಯಲ್ಲಿ ಕಾಣಬೇಕೇ ಹೊರತು ಗಿಡದಲ್ಲಿ ಕಾಣುವಂತಿಲ್ಲ. ಅಲ್ಲಿಯ ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಓದಿ ಅವರು 1904ರಲ್ಲಿ ಪದವಿ ಪಡೆದರು. ಮುಂದಿನ ಓದಿಗೆ ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು.

ಅಲ್ಲಿ ಅವರು ಹಿಡಿದ ವಿಷಯ ಅಡಿಕೆಯೂ ಅಲ್ಲ, ಕೊಳೆಯೂ ಅಲ್ಲ. ಮಣ್ಣಿನಲ್ಲಿರುವ ಸೂಕ್ಷ್ಮ ಜೀವಾಣುಗಳು. ನೀವು ತೋಟಕ್ಕೆ ಹಾಕಿದ ಗೊಬ್ಬರ ಹಾಗೇ ಬೇರಿಗೆ ಹೋಗುವುದಿಲ್ಲ. ಮಣ್ಣಿನ ಜೀವಾಣುಗಳು ಗೊಬ್ಬರದ ಸಾರಜನಕವನ್ನು ಹದಮಾಡಿ ನೈಟ್ರೇಟ್ ಆಗಿ ಮಾರ್ಪಡಿಸಿದ ಮೇಲೆ ಗಿಡ ಅದನ್ನು ಸಲೀಸಾಗಿ ಹೀರುತ್ತದೆ. ಈ ಕೆಲಸ ಹೇಗೆ ನಡೆಯುತ್ತದೆ ಎಂಬುದೇ ಕೋಲ್ಮನ್ನರ ಅಭ್ಯಾಸ. ಆ ಸಂಶೋಧನೆ 1908ರಲ್ಲಿ ಜರ್ಮನ್ ಭಾಷೆಯಲ್ಲಿ ಅಚ್ಚಾಯಿತು. ಅದೇ ದಾರಿಯಲ್ಲಿ ಮುಂದುವರಿದಿದ್ದರೆ ಅವರು ಯುರೋಪಿನಲ್ಲೋ ಕೆನಡದಲ್ಲೋ ಒಬ್ಬ ಪ್ರಾಧ್ಯಾಪಕರಾಗಿ, ಗಾಜಿನ ಬಟ್ಟಲುಗಳ ನಡುವೆ ಕಾಲ ಕಳೆಯಬಹುದಿತ್ತು.

ಅದೇ ಹೊತ್ತಿನಲ್ಲಿ ಮೈಸೂರು ಸಂಸ್ಥಾನಕ್ಕೆ ಬೆಳೆಗಳ ರೋಗ ಮತ್ತು ಕೀಟಗಳನ್ನು ಬಲ್ಲವರೊಬ್ಬರು ಬೇಕಾಗಿದ್ದರು. ಸಂಸ್ಥಾನದಲ್ಲಿ ಕೃಷಿ ವಿಜ್ಞಾನದ ಕೆಲಸ ಆಗಲೇ ಸಣ್ಣದಾಗಿ ಶುರುವಾಗಿತ್ತು. 1899ರಲ್ಲಿ ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹತ್ತಿರ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಪ್ರಯೋಗ ಕ್ಷೇತ್ರಕ್ಕೆಂದು ಕೊಟ್ಟಿದ್ದರು. ಡಾ. ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಮಣ್ಣು ಗೊಬ್ಬರಗಳ ಪರೀಕ್ಷೆ ನಡೆಸಿದ್ದರು. ಆದರೆ ರೋಗ ಬಿದ್ದಾಗ, ಹುಳು ಮುತ್ತಿದಾಗ ಹೇಳುವವರು ಇರಲಿಲ್ಲ. ಆ ಜಾಗಕ್ಕೆ 1908ರಲ್ಲಿ ಕೋಲ್ಮನ್ ಬಂದರು. ಆಗ ಅವರ ವಯಸ್ಸು ಮೂವತ್ತು. ದೂರದ ದೇಶ, ಗೊತ್ತಿಲ್ಲದ ಭಾಷೆ, ಕಂಡಿರದ ಬೆಳೆಗಳು. ಬೇಡವೆಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಆಗಲಿ ಎಂದರು.

ಒಬ್ಬರಿಗೆ ಎರಡು ಕೆಲಸ

ಮೈಸೂರು ಸರ್ಕಾರ ಅವರಿಗೆ ಕೊಟ್ಟ ಹುದ್ದೆ ಜೋಡಿ ಹುದ್ದೆ: ಶಿಲೀಂಧ್ರ ತಜ್ಞ ಮತ್ತು ಕೀಟ ತಜ್ಞ. ಬೂಷ್ಟು, ಕೊಳೆ, ತುಕ್ಕು ಒಂದು ಕಡೆ; ಮಿಡತೆ, ಕೊರಕ, ಕಂಬಳಿಹುಳು ಇನ್ನೊಂದು ಕಡೆ. ಮಣ್ಣಿನ ಜೀವಾಣು ಓದಿ ಬಂದವರಿಗೆ ಇವೆರಡೂ ಹೊಸ ಗದ್ದೆಯೇ. ಆದರೆ ಒಂದೇ ವಿಷಯಕ್ಕೆ ಅಂಟಿಕೊಳ್ಳದ ಮನುಷ್ಯ ರೈತನಿಗೆ ಹೆಚ್ಚು ಹತ್ತಿರವಾಗುತ್ತಾನೆ. ಏಕೆಂದರೆ ರೈತನ ಹೊಲದಲ್ಲಿ ಹುಳು ಬೇರೆ, ರೋಗ ಬೇರೆ, ಮಣ್ಣು ಬೇರೆ ಎಂದು ಬೇಲಿ ಹಾಕಿ ಇಟ್ಟಿರುವುದಿಲ್ಲ.

ಬಯಲುಸೀಮೆಯಲ್ಲಿ ಆಗ ಜೋಳದ ಬೆಳೆಗೆ ಹಾರಲಾರದ ಒಂದು ಜಾತಿಯ ಮಿಡತೆ ಬಿದ್ದು ಕಾಡುತ್ತಿತ್ತು. ಕೋಲ್ಮನ್ ತಮ್ಮ ಸಹಾಯಕ ಕೆ. ಕುಂಞಿ ಕಣ್ಣನ್ ಅವರೊಡನೆ ಅದರ ಬೆನ್ನು ಹತ್ತಿದರು. ಮೊಟ್ಟೆ ಎಲ್ಲಿಡುತ್ತದೆ, ಮರಿ ಯಾವಾಗ ಹೊರಬರುತ್ತದೆ, ಎಷ್ಟು ಸಲ ಪೊರೆ ಬಿಡುತ್ತದೆ ಎಂದೆಲ್ಲ ನೋಡಿ, 1911ರಲ್ಲಿ ಅದರ ಮೇಲೆ ಒಂದು ಪುಸ್ತಿಕೆ ಹೊರತಂದರು. ಈ ಮಿಡತೆಯನ್ನು ಪರೀಕ್ಷಿಸಿದ ಸ್ಪೇನ್ ದೇಶದ ಬೊಲಿವಾರ್ ಎಂಬ ಕೀಟ ಶಾಸ್ತ್ರಜ್ಞರು 1910ರಲ್ಲಿ ಅದಕ್ಕೆ ಕೋಲ್ಮೇನಿಯ ಎಂಬ ಕುಲನಾಮ ಇಟ್ಟರು. ಹೀಗೆ ಮೈಸೂರಿಗೆ ಬಂದ ಎರಡೇ ವರ್ಷದಲ್ಲಿ ಕೋಲ್ಮನ್ನರ ಹೆಸರು ಒಂದು ಮಿಡತೆಯ ಬೆನ್ನೇರಿ ಜಗತ್ತಿನ ಪುಸ್ತಕಗಳನ್ನು ಸೇರಿತು.

ಆದರೆ ಅವರ ಹೆಸರು ನಿಜವಾಗಿ ಉಳಿದದ್ದು ಮಲೆನಾಡಿನಲ್ಲಿ.

ಕೊಳೆಯ ಕಾಲ

ಆಗಿನ ತೋಟಗಳನ್ನು ನೀವು ಸ್ವಲ್ಪ ಊಹಿಸಿ ನೋಡಿ. ಆರಿದ್ರಾ ಮಳೆ ಸುರಿಯುತ್ತಿದೆ. ಬಿಸಿಲು ಕಂಡು ವಾರವಾಗಿದೆ. ತೋಟದ ಕಪ್ಪಿನಲ್ಲಿ ಎಳೆ ಅಡಿಕೆ ಒಂದೊಂದೇ ಬೀಳುತ್ತದೆ. ಮೊದಲು ತೊಟ್ಟಿನ ಬಳಿ ನೀರು ಹತ್ತಿದಂತೆ ಕಡುಹಸಿರು ಕಲೆ; ಆಮೇಲೆ ಕಾಯಿ ಮೇಲೆಲ್ಲ ಬಿಳಿ ಬೂಷ್ಟು. ನಾಲ್ಕು ದಿನ ಬಿಟ್ಟು ನೋಡಿದರೆ ಕೊನೆಗೆ ಕೊನೆಯೇ ಬರಿದು. ಪುಷ್ಯ, ಆಶ್ಲೇಷಾ ಮುಗಿಯುವ ಹೊತ್ತಿಗೆ ಮರದಲ್ಲಿ ಉಳಿದದ್ದಕ್ಕಿಂತ ನೆಲದಲ್ಲಿ ಕೊಳೆತದ್ದೇ ಹೆಚ್ಚು. ರೋಗ ಸುಳಿಗೆ ಇಳಿದರೆ ಮರವೂ ಸಾಯುತ್ತದೆ. ಅಡಿಕೆ ಮರ ನೆಟ್ಟವನಿಗೆ ಅದು ಒಂದು ವರ್ಷದ ನಷ್ಟವಲ್ಲ. ಹೊಸ ಸಸಿ ನೆಟ್ಟು ಫಸಲು ಕಾಣಲು ಮತ್ತೆ ಎಷ್ಟು ವರ್ಷ ಕಾಯಬೇಕು ಎಂಬುದು ನಿಮಗೇ ಗೊತ್ತು. ಅಷ್ಟರಲ್ಲಿ ಸಾಲ, ಬಡ್ಡಿ, ಕಂದಾಯ ಯಾವುದೂ ಕಾಯುವುದಿಲ್ಲ.

ನಮ್ಮ ಹಿರಿಯರು ಸುಮ್ಮನೆ ಕೈಕಟ್ಟಿ ಕೂತಿರಲಿಲ್ಲ. ಮಳೆಗೆ ಮುಂಚೆ ಕೊನೆಗೆ ಕೊಟ್ಟೆ ಕಟ್ಟುವ ಪದ್ಧತಿ ಇತ್ತು. ಕರಡದ ಹುಲ್ಲಿನಲ್ಲೋ ಅಡಿಕೆ ಹಾಳೆಯಲ್ಲೋ ಗೊರಬಿನಂತೆ ಮಾಡಿ ಕೊನೆಯ ಮೇಲೆ ಹೊದಿಸುವುದು. ಇದು ಮೂಢನಂಬಿಕೆಯಲ್ಲ. ಕಾಯಿಯ ಮೇಲೆ ನೀರು ನಿಲ್ಲದಿದ್ದರೆ ಕೊಳೆ ಹತ್ತುವುದಿಲ್ಲ ಎಂಬ ಅನುಭವದ ಮಾತು. ಆದರೆ ಒಂದೊಂದು ಮರಕ್ಕೆ ಎರಡು ಮೂರು ಕೊನೆ, ನೂರಾರು ಮರ, ಹುಲ್ಲು ತರುವವರು, ಹೆಣೆಯುವವರು, ಮರ ಹತ್ತಿ ಕಟ್ಟುವವರು. ಅಷ್ಟು ಆಳು ಖರ್ಚು ತಡೆಯುವ ಶಕ್ತಿ ಎಲ್ಲರಿಗೂ ಇರಲಿಲ್ಲ.

ಈ ರೋಗದ ಹೆಸರೇ ಒಂದು ವಿಶೇಷ. ಕೊಳೆರೋಗ ಎಂಬ ಅಚ್ಚ ಕನ್ನಡದ ಮಾತು ಆಗಲೇ ವಿಜ್ಞಾನದ ಪುಸ್ತಕ ಸೇರಿತ್ತು. ಮೈಸೂರಿನ ಕಾಫಿ ಗಿಡಕ್ಕೆ ಹತ್ತುತ್ತಿದ್ದ ಬೇರೊಂದು ಕೊಳೆಯ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸರು 1876ರಲ್ಲಿ ಪೆಲ್ಲಿಕುಲೇರಿಯ ಕೊಳೆರೋಗ ಎಂದೇ ಹೆಸರಿಟ್ಟಿದ್ದರು. ಅಡಿಕೆಯ ಕೊಳೆಯ ಬಗ್ಗೆ ಭಾರತ ಸರ್ಕಾರದ ಶಿಲೀಂಧ್ರ ತಜ್ಞ ಬಟ್ಲರ್ 1906ರಲ್ಲಿ ಬರೆದಿದ್ದರು. ಅದನ್ನು ಬುಡದಿಂದ ತುದಿಯವರೆಗೆ ಪರೀಕ್ಷಿಸುವ ಕೆಲಸ ಕೋಲ್ಮನ್ನರ ಪಾಲಿಗೆ ಬಂತು.

ಅವರು ಕಂಡದ್ದು ಇಷ್ಟು. ಅಡಿಕೆಯ ಕೊಳೆಗೆ ಕಾರಣ ಫೈಟಾಫ್ಥೊರಾ ಎಂಬ ಗುಂಪಿನ ಸೂಕ್ಷ್ಮ ಜೀವಿ. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ಸಸ್ಯನಾಶಕ ಎಂದರ್ಥ. 1845ರ ಸುಮಾರಿಗೆ ಐರ್ಲೆಂಡ್ ದೇಶದಲ್ಲಿ ಆಲೂಗೆಡ್ಡೆಯನ್ನು ಕೊಳೆಸಿ ಭೀಕರ ಕ್ಷಾಮ ತಂದದ್ದು ಇದೇ ಕುಲದ್ದು. ಇದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ತೆಳುವಾಗಿ ನಿಂತ ನೀರೇ ಅವಕ್ಕೆ ಕೆರೆ. ಗಾಳಿ ಮಳೆಯ ಎರಚಲು ಒಂದು ಕೊನೆಯಿಂದ ಇನ್ನೊಂದಕ್ಕೆ ಅವನ್ನು ಒಯ್ಯುತ್ತದೆ. ಮರದ ಮಂಡೆಯಲ್ಲಿ ಒಣಗಿ ಉಳಿದ ಕೊನೆ, ನೆಲಕ್ಕೆ ಬಿದ್ದು ಕೊಳೆತ ಕಾಯಿ ಇವು ಮುಂದಿನ ವರ್ಷಕ್ಕೆ ರೋಗದ ಬಿತ್ತನೆ ಬೀಜ. ಕೊಟ್ಟೆ ಕಟ್ಟಿದ ಕೊನೆ ಉಳಿಯುವುದೇಕೆ ಎಂಬುದೂ ಇದರಿಂದ ತಿಳಿಯಾಯಿತು.

ಈ ವಿವರಗಳ ಪುಸ್ತಿಕೆ 1910ರಲ್ಲಿ ಪ್ರಕಟವಾಯಿತು. ಆ ಜೀವಿಗೆ ಅಡಿಕೆಯ ಹೆಸರನ್ನೇ ಸೇರಿಸಿ ಕೋಲ್ಮನ್ ಇಟ್ಟ ಹೆಸರು ಮುಂದೆ ಫೈಟಾಫ್ಥೊರಾ ಅರೆಕೆ ಎಂದು ನಿಂತಿತು. ಈಚಿನ ಸಂಶೋಧಕರು ಅಡಿಕೆಯ ಕೊಳೆಯಲ್ಲಿ ಫೈಟಾಫ್ಥೊರಾ ಮೀಡಿಯೈ ಎಂಬ ಜಾತಿಯನ್ನೂ ಗುರುತಿಸಿದ್ದಾರೆ. ಹೆಸರು ಬದಲಾಗಬಹುದು, ಅದರ ಗುಣ ಕೋಲ್ಮನ್ ಕಂಡದ್ದೇ.

ದ್ರಾಕ್ಷಿ ಕಳ್ಳರಿಂದ ಹುಟ್ಟಿದ ಔಷಧಿ

ರೋಗದ ಗುಟ್ಟು ತಿಳಿಯಿತು. ಮದ್ದು ಯಾವುದು? ಇಲ್ಲಿ ಕಥೆ ಫ್ರಾನ್ಸ್ ದೇಶಕ್ಕೆ, ಇನ್ನೂ ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗುತ್ತದೆ.

ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಅಮೆರಿಕದಿಂದ ಬಂದ ಒಂದು ಹೇನು ಬಿದ್ದು ಬೇರುಗಳನ್ನೇ ತಿಂದು ಹಾಕುತ್ತಿತ್ತು. ಅದನ್ನು ತಡೆಯಬಲ್ಲ ಬಳ್ಳಿ ಬೇಕೆಂದು ಅಮೆರಿಕದಿಂದಲೇ ದ್ರಾಕ್ಷಿ ಬಳ್ಳಿಗಳನ್ನು ತರಿಸಿದರು. ಅವುಗಳ ಜೊತೆಯಲ್ಲಿ, ಯಾರಿಗೂ ಗೊತ್ತಾಗದಂತೆ, ಎಲೆ ಉದುರಿಸುವ ಬೂಜು ರೋಗವೂ ಹಡಗು ಹತ್ತಿ ಬಂತು. ಒಂದು ಕಾಟ ಕಳೆಯಲು ಹೋಗಿ ಇನ್ನೊಂದು ಕಾಟ ಮನೆಗೆ ಕರೆದಂತಾಯಿತು.

ಬೋರ್ಡೋ ನಗರದ ವಿಶ್ವವಿದ್ಯಾಲಯದಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರಿದ್ದರು. 1882ರ ಅಕ್ಟೋಬರಿನಲ್ಲಿ ಅವರು ಸೇಂಟ್ ಜೂಲಿಯನ್ ಎಂಬ ಊರಿನ ತೋಟಗಳ ನಡುವೆ ನಡೆದು ಹೋಗುತ್ತಿದ್ದರು. ತೋಟದ ಒಳಗೆಲ್ಲ ಬಳ್ಳಿಗಳು ಎಲೆ ಉದುರಿಸಿ ಬೋಳಾಗಿವೆ. ದಾರಿಯ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಹಾಗೇ ಇದೆ! ಹತ್ತಿರ ಹೋಗಿ ನೋಡಿದರೆ ಆ ಎಲೆಗಳ ಮೇಲೆ ನೀಲಿ ಬಣ್ಣದ ಪುಡಿಯಂಥದ್ದು ಅಂಟಿಕೊಂಡಿದೆ. ವಿಚಾರಿಸಿದಾಗ ತಿಳಿದದ್ದು ಇಷ್ಟೇ. ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಎಂದು, ವಿಷದಂತೆ ಕಾಣಲೆಂದು, ಅಲ್ಲಿಯ ತೋಟದವರು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಚಿಮುಕಿಸುತ್ತಿದ್ದರು. ಕಳ್ಳರನ್ನು ಹೆದರಿಸಲು ಹಾಕಿದ್ದು ರೋಗವನ್ನೂ ಹೆದರಿಸಿತ್ತು.

ಆ ದಾರಿಯಲ್ಲಿ ಅಂದು ಎಷ್ಟು ಜನ ನಡೆದು ಹೋಗಿರಬೇಕು! ನೀಲಿ ಎಲೆಯನ್ನು ಎಲ್ಲರೂ ಕಂಡಿರಬೇಕು. ನಿಂತು ಏಕೆ ಎಂದು ಕೇಳಿದ್ದು ಮಿಲಾರ್ಡೆ. ಆಕಸ್ಮಿಕವೆಂಬುದು ಎಲ್ಲರ ಬಾಗಿಲಿಗೂ ಬರುತ್ತದೆ. ಬಾಗಿಲು ತೆಗೆದವನಿಗೆ ಮಾತ್ರ ದಕ್ಕುತ್ತದೆ. ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಗೇಯೋ ಎಂಬ ರಸಾಯನಶಾಸ್ತ್ರಜ್ಞರ ನೆರವಿನಿಂದ ಯಾವ ಅಳತೆಯಲ್ಲಿ ಬೆರೆಸಬೇಕು, ಯಾವಾಗ ಹೊಡೆಯಬೇಕು ಎಂದು ಪರೀಕ್ಷಿಸಿ, 1885ರಲ್ಲಿ ಅವರು ಅದನ್ನು ಲೋಕಕ್ಕೆ ತಿಳಿಸಿದರು. ಬೋರ್ಡೋ ಊರಿನ ಹೆಸರೇ ಔಷಧಿಗೆ ನಿಂತಿತು.

ದ್ರಾಕ್ಷಿಯ ಬೂಜು ರೋಗದ ಜೀವಿಯೂ ಅಡಿಕೆಯ ಕೊಳೆಯ ಜೀವಿಯೂ ದೂರದ ದಾಯಾದಿಗಳು. ಎರಡಕ್ಕೂ ಬೀಜಕಣ ಈಜಲು ನೀರು ಬೇಕು. ಯುರೋಪಿನಲ್ಲಿ ದ್ರಾಕ್ಷಿಗೂ ಆಲೂಗೆಡ್ಡೆಗೂ ಒದಗಿದ್ದ ಆ ನೀಲಿ ನೀರನ್ನು ಅಡಿಕೆಗೆ ಏಕೆ ಹೊಡೆಯಬಾರದು ಎಂಬಲ್ಲಿಗೆ ಕೋಲ್ಮನ್ನರ ಕೆಲಸ ಬಂದು ನಿಂತಿತು.

ಮರದ ತುದಿಗೆ ಮದ್ದು

ಹೇಳುವುದು ಸುಲಭ. ದ್ರಾಕ್ಷಿ ಬಳ್ಳಿ ಆಳೆತ್ತರ; ನಿಂತಲ್ಲೇ ಹೊಡೆಯಬಹುದು. ಅಡಿಕೆ ಮರವೋ ಐವತ್ತು ಅರವತ್ತು ಅಡಿ. ಫ್ರಾನ್ಸಿನ ಮಳೆ ಜಿನುಗು ಮಳೆ. ಆಗುಂಬೆ, ಶೃಂಗೇರಿ ಕಡೆಯ ಮಳೆ ಕಲ್ಲನ್ನೂ ತೊಳೆಯುವ ಮಳೆ. ಅಡಿಕೆಯ ಕಾಯಿಯೋ ಎಣ್ಣೆ ಸವರಿದಂತೆ ನುಣುಪು. ಹೊಡೆದ ಔಷಧಿ ನಿಲ್ಲಬೇಕಲ್ಲ!

ಇಲ್ಲಿಯೇ ಕೋಲ್ಮನ್ನರ ಬುದ್ಧಿ ಕಾಣುವುದು. ಔಷಧಿಗೆ ಒಂದು ಅಂಟು ಸೇರಿಸಬೇಕು. ಅದು ಪರದೇಶದಿಂದ ತರಿಸುವಂಥದ್ದಾಗಬಾರದು. ಹಳ್ಳಿಯಲ್ಲಿ ಸಿಗಬೇಕು, ಬೆಲೆಯೂ ಕೈಗೆ ಎಟುಕಬೇಕು. ಹಾಲಿನಲ್ಲಿರುವ ಕೇಸೀನ್ ಎಂಬ ಅಂಶ ಸುಣ್ಣದ ನೀರಿನಲ್ಲಿ ಕರಗಿ ಒಳ್ಳೆಯ ಅಂಟಾಗುತ್ತದೆ. ಇದನ್ನು ಬೋರ್ಡೋ ದ್ರಾವಣಕ್ಕೆ ಸೇರಿಸಿದಾಗ ಔಷಧಿ ಕಾಯಿಗೆ ಹಿಡಿದು ನಿಂತಿತು. ರಾಳ ಮತ್ತು ಸೋಡ ಕುದಿಸಿ ಮಾಡುವ ಅಂಟನ್ನು ಬಳಸುವವರು ಇಂದಿಗೂ ನಮ್ಮಲ್ಲಿದ್ದಾರೆ.

ಎತ್ತರದ ಸಮಸ್ಯೆ ಬಿಡಿಸಿದವರು ನಮ್ಮ ಕೊನೆಗಾರರು. ಒಂದು ಮರ ಹತ್ತಿ, ಅದನ್ನು ಬಳುಕಿಸಿ ಪಕ್ಕದ ಮರಕ್ಕೆ ದಾಟಿ, ನೆಲ ಮುಟ್ಟದೆ ಸಾಲಿಗೆ ಸಾಲೇ ಮುಗಿಸುವ ಅವರ ಕೈಚಳಕ ಯಾವ ಕಾಲೇಜಿನಲ್ಲೂ ಕಲಿಸುವುದಲ್ಲ. ಆ ಕೈಗೆ ಪಂಪಿನ ನಳಿಗೆ ಬಂದಿತು. ವಿಜ್ಞಾನಿಯ ತಿಳಿವಳಿಕೆ, ಕೊನೆಗಾರನ ಕಾಲು, ಬೆಳೆಗಾರನ ನಂಬಿಕೆ ಈ ಮೂರೂ ಸೇರಿದಾಗ ಮದ್ದು ಮರದ ತುದಿ ಮುಟ್ಟಿತು. ಮೊದಲ ವರ್ಷಗಳಲ್ಲಿ ತೋಟದಲ್ಲೇ ಹೊಡೆದು ತೋರಿಸಬೇಕಾಯಿತು. ಹೊಡೆದ ಮರದಲ್ಲಿ ಕೊನೆ ನಿಂತು, ಹೊಡೆಯದ ಮರದಡಿ ಕಾಯಿ ಹಾಸಿದ್ದನ್ನು ಕಂಡ ಮೇಲೆ ಯಾರಿಗೂ ಉಪನ್ಯಾಸ ಬೇಕಾಗಲಿಲ್ಲ.

ಕೊಪ್ಪದಿಂದ ಬಾಳೆಹೊನ್ನೂರಿಗೆ

1913ರಲ್ಲಿ ಮೈಸೂರು ಸಂಸ್ಥಾನ ಕೃಷಿಗೆಂದೇ ಇಲಾಖೆ ತೆರೆದು ಕೋಲ್ಮನ್ನರನ್ನು ನಿರ್ದೇಶಕರನ್ನಾಗಿ ನೇಮಿಸಿತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆಯೂ ಪ್ರಾರಂಭವಾಯಿತು. ಆ ಶಾಲೆ 1946ರಲ್ಲಿ ಕಾಲೇಜಾಗಿ, 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯಕ್ಕೆ ತಳಹದಿಯಾಯಿತು.

ನಮ್ಮ ಭಾಗಕ್ಕೆ ಅವರು ಬಿಟ್ಟುಹೋದ ಇನ್ನೊಂದು ಆಸ್ತಿ ಕಾಫಿ ಸಂಶೋಧನೆ. ಕಾಫಿಯ ಎಲೆ ತುಕ್ಕುರೋಗ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಅಲ್ಲಿಯ ಕಾಫಿಯನ್ನೇ ಮುಗಿಸಿ, ಬೆಳೆಗಾರರು ಚಹಾ ನೆಡುವಂತೆ ಮಾಡಿತ್ತು. ನಮ್ಮ ತೋಟಗಳಿಗೂ ಅದು ನುಗ್ಗಿತ್ತು. 1915ರಲ್ಲಿ ಕಾಫಿಯ ಎಲೆರೋಗಗಳ ಅಭ್ಯಾಸಕ್ಕೆ ಒಂದು ತಾತ್ಕಾಲಿಕ ಕೇಂದ್ರ ತೆರೆದದ್ದು ನಮ್ಮ ಕೊಪ್ಪದಲ್ಲೇ. ತಾತ್ಕಾಲಿಕ ಎಂದ ಮೇಲೆ ನಾಲ್ಕು ದಿನ ನಡೆದು ಬಾಗಿಲು ಹಾಕಬಹುದಿತ್ತು. ಹಾಗಾಗಲಿಲ್ಲ. ಹತ್ತು ವರ್ಷದ ಮೇಲೆ, 1925ರಲ್ಲಿ, ಕೋಲ್ಮನ್ನರ ಮುತುವರ್ಜಿಯಿಂದ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರ ನೆಲೆಯಾಯಿತು. 1944ರಲ್ಲಿ ಕಾಫಿ ಮಂಡಳಿ ಅದನ್ನು ವಹಿಸಿಕೊಂಡಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಈ ಕೇಂದ್ರದಿಂದ 1940ರ ದಶಕದ ನಡುವೆ ಬೆಳೆಗಾರರ ಕೈಸೇರಿದ ಎಸ್. 795 ತಳಿಯನ್ನು ನೀವು ಬಲ್ಲಿರಿ. ಅದರ ವಂಶವನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಅಲ್ಲೂ ಒಂದು ಆಕಸ್ಮಿಕ ಸಿಗುತ್ತದೆ. ಅರಾಬಿಕ ಮತ್ತು ಲೈಬೀರಿಕ ಜಾತಿಗಳು ಯಾರ ಕೈವಾಡವೂ ಇಲ್ಲದೆ ತೋಟದಲ್ಲಿ ತಾವಾಗಿ ಬೆರೆತು ಹುಟ್ಟಿದ ಒಂದು ಗಿಡ ಅದರ ಮೂಲ. ಅದರ ಸಂತತಿಯನ್ನು ಕೆಂಟ್ಸ್ ತಳಿಯೊಡನೆ ಕೂಡಿಸಿ ಎಸ್. 795 ಆಯಿತು. ತೋಟದ ಮೂಲೆಯಲ್ಲಿ ಬೇರೆಯಾಗಿ ಕಂಡ ಗಿಡವನ್ನು ಕಿತ್ತೆಸೆಯದೆ ಉಳಿಸಿದ್ದರಿಂದ ಇಷ್ಟಾಯಿತು.

ರಾಗಿ, ಕಬ್ಬು

ಕೋಲ್ಮನ್ ಮಲೆನಾಡಿಗಷ್ಟೇ ದುಡಿದವರಲ್ಲ. ಬಯಲುಸೀಮೆಯ ಬಡವರ ಅನ್ನವಾದ ರಾಗಿಯ ಮೇಲೆ ಕೆಲಸ ನಡೆಸಿ, 1920ರಲ್ಲಿ ರಾಗಿ ಬೇಸಾಯದ ಕುರಿತು ಪುಸ್ತಿಕೆ ಬರೆದರು. ಅವರ ಕಾಲದಲ್ಲೇ ಹೆಚ್. 22 ಎಂಬ ರಾಗಿ ತಳಿ ಹೊರಬಂತು. ಗೋಧಿ, ಬತ್ತ ಎಂದು ದೊಡ್ಡ ದೊಡ್ಡ ಬೆಳೆಗಳ ಹಿಂದೆ ಹೋಗುವವರ ನಡುವೆ ರಾಗಿಯನ್ನು ಹಿಡಿದದ್ದೂ ಒಂದು ಆಯ್ಕೆಯೇ. ಕೃಷ್ಣರಾಜಸಾಗರದ ನಾಲೆಯ ನೀರು ಮಂಡ್ಯದ ಕಡೆ ಹರಿದಾಗ, ಆ ನೀರಿಗೆ ತಕ್ಕ ಬೆಳೆಯೂ ಬೆಳೆಗೆ ತಕ್ಕ ಕಾರ್ಖಾನೆಯೂ ಬೇಕಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ತಲೆಯೆತ್ತಲು ಶ್ರಮಿಸಿದವರಲ್ಲಿ ಕೋಲ್ಮನ್ ಮುಖ್ಯರು.

ಇಪ್ಪತ್ತೈದು ವರ್ಷದ ಸೇವೆಯ ಬಳಿಕ ಅವರು 1934ರಲ್ಲಿ ನಿವೃತ್ತರಾಗಿ ಕೆನಡಕ್ಕೆ ಮರಳಿದರು. ಅಲ್ಲಿಯೂ ಸುಮ್ಮನಿರದೆ ಸಸ್ಯಗಳ ವೈರಸ್ ರೋಗಗಳ ಅಭ್ಯಾಸದಲ್ಲಿ ತೊಡಗಿದರು. 1954ರಲ್ಲಿ ತೀರಿಕೊಂಡರು. ಬರುವಾಗ ಮಣ್ಣಿನ ಜೀವಾಣು ಓದಿದ ಯುವಕ. ಹೋಗುವಾಗ ಅಡಿಕೆ, ಕಾಫಿ, ರಾಗಿ, ಕಬ್ಬು ಎಲ್ಲದರಲ್ಲೂ ಕೈಯಾಡಿಸಿದ ಹಿರಿಯ.

ನಮಗೆ ಇದರಿಂದೇನು?

ಬಾಂಧವರೇ, ಕೋಲ್ಮನ್ ಮೈಸೂರಿಗೆ ಬರದಿದ್ದರೆ ಕೊಳೆಗೆ ಮದ್ದೇ ಸಿಗುತ್ತಿರಲಿಲ್ಲ ಎಂದಲ್ಲ. ಇನ್ನಾರೋ, ಇನ್ನೆಂದೋ ತರುತ್ತಿದ್ದರು. ಆದರೆ ಹತ್ತು ವರ್ಷ ತಡವಾಗಿದ್ದರೆ ಎಷ್ಟು ತೋಟಗಳು ಸಾಲಕ್ಕೆ ಹೋಗುತ್ತಿದ್ದವು, ಎಷ್ಟು ಮನೆಗಳು ಊರು ಬಿಡುತ್ತಿದ್ದವು ಎಂದು ಯೋಚಿಸಿ.

ಇಂದು ನಮ್ಮ ಮುಂದೆ ಅಂಥದ್ದೇ ಕಾಲ ಬಂದಿದೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ತೋಟಗಳಲ್ಲಿ ಹಳದಿ ಎಲೆ ರೋಗ ಮರಗಳನ್ನು ಸೊರಗಿಸುತ್ತಿದೆ. 1914ರಷ್ಟು ಹಿಂದೆಯೇ ಕೇರಳದಲ್ಲಿ ಕಂಡ ರೋಗ ಇದು. ಫೈಟೋಪ್ಲಾಸ್ಮ ಎಂಬ ಅತಿ ಸೂಕ್ಷ್ಮ ಜೀವಿ ಕಾರಣ, ರಸ ಹೀರುವ ಜಿಗಿಹುಳು ಅದನ್ನು ಹರಡುತ್ತದೆ ಎಂದು ತಿಳಿದಿದ್ದರೂ, ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ಅದರ ಬೆನ್ನಿಗೆ ಎಲೆಚುಕ್ಕಿ ರೋಗವೂ ಬಂದಿದೆ. ಬೋರ್ಡೋ ದ್ರಾವಣ ಹಳದಿ ಎಲೆಗೆ ಮದ್ದಲ್ಲ ಎಂಬುದನ್ನೂ ನೆನಪಿಡಿ. ಹಾಗೆಂದು ಹೇಳಿ ಮಾರುವವರನ್ನು ನಂಬಬೇಡಿ.

ಆದ್ದರಿಂದ ನಿಮ್ಮಲ್ಲಿ ಒಂದು ಮನವಿ. ತೋಟದಲ್ಲಿ ಸುತ್ತಲೂ ಮರಗಳು ಹಳದಿಯಾಗಿದ್ದು, ನಡುವೆ ಒಂದೆರಡು ಮರ ವರ್ಷಗಟ್ಟಲೆ ಹಸಿರಾಗಿಯೇ ನಿಂತಿದ್ದರೆ ಅದನ್ನು ಗುರುತು ಮಾಡಿಡಿ. ಎಷ್ಟು ವರ್ಷದ ಮರ, ಎಲ್ಲಿಂದ ತಂದ ಸಸಿ, ಏನು ಗೊಬ್ಬರ ಹಾಕಿದಿರಿ ಎಂದು ಬರೆದಿಡಿ. ತೋಟಗಾರಿಕೆ ಇಲಾಖೆಯವರಿಗೋ ಸಂಶೋಧನಾ ಕೇಂದ್ರದವರಿಗೋ ತೋರಿಸಿ. ಅದು ರೋಗ ತಡೆಯುವ ಮರವೇ ಆಗಿರಬೇಕೆಂದಿಲ್ಲ. ಆದರೆ ಆಗಿದ್ದರೆ? ದಾರಿಬದಿಯ ನೀಲಿ ಎಲೆಯನ್ನು ಮಿಲಾರ್ಡೆ ನೋಡದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನೆನೆಸಿಕೊಳ್ಳಿ.

ಇನ್ನು ಈ ಮಳೆಗಾಲದ ಕೆಲಸ. ಶೇಕಡ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಒಳ್ಳೆಯ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ. ಕಬ್ಬಿಣದ ಪಾತ್ರೆ ಕೂಡದು; ಪ್ಲಾಸ್ಟಿಕ್ ಆದರೆ ಸರಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತ ಕದಡಿ. ಹೊಳೆಯುವ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕೆಂಪು ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸೇರಿಸಿ. ಅಂಟು ಬೆರೆಸಿ, ಮಾಡಿದ ದಿನವೇ ಹೊಡೆಯಿರಿ. ಹೊಡೆಯುವ ಮೊದಲು ಕಳೆದ ವರ್ಷದ ಒಣಗಿದ ಕೊನೆಗಳನ್ನು ತೆಗೆಸಿ, ಬಿದ್ದ ಕೊಳೆಕಾಯಿ ಆರಿಸಿ ಸುಟ್ಟುಬಿಡಿ. ಈಗ ಮರ ಹತ್ತದೆ ನೆಲದಿಂದಲೇ ಹೊಡೆಯುವ ಉದ್ದನೆಯ ದೋಟಿಗಳೂ ಬಂದಿವೆ. ಕೊನೆಗಾರರು ಸಿಗದ ಕಡೆ ಅವು ಉಪಯೋಗಕ್ಕೆ ಬರುತ್ತವೆ.

ನೀಲಿ ನೀರಿನ ಆ ಡ್ರಮ್ಮನ್ನು ಕದಡುವಾಗ ಒಂದು ಗಳಿಗೆ ಆಲೋಚಿಸಿ. ಅದರಲ್ಲಿ ಫ್ರಾನ್ಸಿನ ದ್ರಾಕ್ಷಿ ಕಳ್ಳರ ಪಾಲಿದೆ, ನಿಂತು ನೋಡಿದ ಪ್ರಾಧ್ಯಾಪಕರ ಪಾಲಿದೆ, ಆಗಲಿ ಎಂದು ಹಡಗು ಹತ್ತಿದ ಕೆನಡದ ಯುವಕನ ಪಾಲಿದೆ, ಹೆಸರು ಉಳಿಯದ ನೂರಾರು ಕೊನೆಗಾರರ ಪಾಲಿದೆ. ಮುಂದಿನ ಮದ್ದಿನಲ್ಲಿ ನಿಮ್ಮ ತೋಟದ ಒಂದು ಹಸಿರು ಮರದ ಪಾಲೂ ಇರಬಾರದೇಕೆ?